ಅತ್ತೆಯ ಉಸಿರು ಕತ್ತರಿಸಿದ ಕಾಕಾ

ನಮ್ಮ ಕಾಕಾನ ಹೆಂಡತಿ, ಅಂದರೆ ನಮ್ಮ ಕಾಕು, ಮನೆ ಬಿಟ್ಟು ತವರಿಗೆ ಹೋದದ್ದು ಟೇಪ್ ರೆಕಾರ್ಡರಿನ ಗದ್ದಲ ತಾಳಲಾರದೆ ಎಂದು ನಮ್ಮ ಬಳಗವೆಲ್ಲ ಹೇಳುತ್ತದೆ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ, ಇದನ್ನೇ ಹೇಳುತ್ತಾರೆ. ಹಾಲು ಹಾಕುವವನು ಹೇಳುತ್ತಾನೆ, ಇಸ್ತ್ರಿಯವನು ಹೇಳುತ್ತಾನೆ, ಕಾಕಾನನ್ನು ಒಮ್ಮೆಯೂ ನೋಡದ ನನ್ನ ಗೆಳತಿಯರ ಅವ್ವಂದಿರೂ ಹೇಳುತ್ತಾರೆ. ಇಷ್ಟು ಮಂದಿ ಒಂದೇ ಮಾತನ್ನು ಒಂದೇ ರೀತಿಯಲ್ಲಿ ಹೇಳುತ್ತಿದ್ದಾರೆಂದರೆ ಅದನ್ನು ಯಾರೂ ತಿರುಗಿಸಿ ನೋಡಿಲ್ಲ ಎಂದೇ ಅರ್ಥ!

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೂ ಮಾತಾಡಿದವಳು, ವಿರೋಧವೂ ಮಾತಾಡಿದವಳು. ಚೀಟಿ ಎತ್ತಿದಾಗ ಯಾವುದು ಬಂತೋ ಅದೇ ಆ ದಿನದ ನನ್ನ ಸಿದ್ಧಾಂತ. ಈ ವಿಷಯದಲ್ಲಿ ಮಾತ್ರ ಚೀಟಿ ಎತ್ತದೆಯೇ ವಿರೋಧದ ಸಾಲಿನಲ್ಲಿ ಹೋಗಿ ಕೂರುತ್ತೇನೆ. ಮಾನ್ಯ ಅಧ್ಯಕ್ಷರೇ, ನಮ್ಮ ಕಾಕು ಹುಟ್ಟಿದ್ದು ಎಲ್ಲಿ? ಕಮಲಾಪುರದಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡ ಮನೆಯಲ್ಲಿ. ಗಿರಣಿ ಅವರದೇ. ಅವಳ ತೊಟ್ಟಿಲು ಯಾರೂ ತೂಗಬೇಕಾಗಿರಲಿಲ್ಲ. ಗಿರಣಿಯ ಪಟ್ಟಾ ತಿರುಗಿದರೆ ಗೋಡೆ ನಡುಗಿ ತೊಟ್ಟಿಲು ತಾನೇ ತೂಗುತ್ತಿತ್ತಂತೆ. ಮದುವೆಯಾಗಿ ಕಲಬುರಗಿಗೆ ಬಂದ ಹೊಸದರಲ್ಲಿ ‘ಈ ಮನ್ಯಾಗ ಇಷ್ಟು ಸಪ್ಪಳಿಲ್ಲದಂಗ ಅದ, ನಿದ್ದಿ ಹ್ಯಾಂಗ ಬರಬೇಕು?’ ಎಂದು ಅತ್ತವಳು ಅವಳು. ಅಂಥವಳು ಟೇಪಿನ ಕುಂಯ್ ಕುಂಯ್‌ಗೆ ಹೆದರಿ ಓಡಿದಳೆಂದರೆ ನಂಬುವವರಿಗೆ ತಲೆ ಬೇಡವೇ?

ಕಾಕು ಹೋದದ್ದು ಒಂದು ಮೌನಕ್ಕಾಗಿ. ಕಾಕಾ ಕದ್ದ ಮೌನ. ಅದು ಒಂದು ಮೊಳವೂ ಉದ್ದವಿರಲಿಲ್ಲ.

ಕಾಕಾ ಟೆಲಿಫೋನ್ ಕಚೇರಿಯ ನೌಕರ. ಹಗಲೆಲ್ಲ ಊರವರ ಲೈನು ಜೋಡಿಸುತ್ತಾನೆ, ಸಂಜೆ ಮನೆಗೆ ಬಂದು ತನ್ನ ಲೈನು ತಾನೇ ಕತ್ತರಿಸಿಕೊಳ್ಳುತ್ತಾನೆ ಎಂದು ನಮ್ಮ ಅಪ್ಪ ನಗುತ್ತಾನೆ. ಅವನು ಹುಟ್ಟಿನಿಂದ ಹೀಗಿರಲಿಲ್ಲ. ಎಲ್ಲರಂತೆ ಸಿನಿಮಾ ಹಾಡು ಕೇಳಿಕೊಂಡು, ಎಲ್ಲರಂತೆ ಬೇಸೂರಾಗಿ ಹಾಡಿಕೊಂಡು ಇದ್ದ. ಒಂದು ಭಾನುವಾರ ಶಾರ್ಟ್‌ವೇವಿನಲ್ಲಿ ಮುಳ್ಳು ತಿರುಗಿಸುತ್ತಿದ್ದಾಗ ಯಾವುದೋ ದೂರದೇಶದ ಸ್ಟೇಷನ್ ಸಿಕ್ಕಿತು. ಬಾಗಿಲು ಕಿರುಗುಟ್ಟಿದಂತೆ, ರೈಲು ಹಳಿ ಬದಲಿಸಿದಂತೆ, ಯಾರೋ ನೀರಿನ ತೊಟ್ಟಿಯೊಳಗೆ ಕೂತು ಕೆಮ್ಮಿದಂತೆ ಸದ್ದು. ರೇಡಿಯೋ ಕೆಟ್ಟಿತೆಂದು ಕಾಕಾ ಅದರ ತಲೆಗೆ ಒಂದು ಬಡಿದ. ಕೆಮ್ಮು ಮುಂದುವರಿಯಿತು. ಇನ್ನೊಂದು ಬಡಿದ. ಆಗ ಸದ್ದು ನಿಂತು ಒಬ್ಬ ಹೆಂಗಸು ತಿಳಿನೀರಿನಂಥ ದನಿಯಲ್ಲಿ, ಇಷ್ಟು ಹೊತ್ತು ನೀವು ಕೇಳಿದ್ದು ಹಳೆಯ ಧ್ವನಿಮುದ್ರಣಗಳನ್ನು ಕತ್ತರಿಸಿ ಜೋಡಿಸಿದ ಸಂಗೀತ ಎಂದು ಹೇಳಿದಳಂತೆ.

ಎಲ್ಲರೂ ಆ ಹೊತ್ತಿಗೆ ಸ್ಟೇಷನ್ ಬದಲಿಸುತ್ತಾರೆ. ಕಾಕಾ ಬ್ಲೇಡು ತರಲು ಅಂಗಡಿಗೆ ಹೋದ!

ಅಂದಿನಿಂದ ಮಾಳಿಗೆಯ ಮೇಲಿನ ಖೋಲಿ ಅವನ ಕಾರಖಾನೆ. ಎರಡು ಟೇಪ್ ರೆಕಾರ್ಡರು, ಹೊಟ್ಟೆ ತೆರೆದು ಮಲಗಿದ ಒಂದು ರೇಡಿಯೋ, ಮುಟ್ಟಿದರೆ ಹುಯ್ಯೋ ಎಂದು ಅಳುವ ಒಂದು ತಂತಿ ಪೆಟ್ಟಿಗೆ. ಸೂಪರ್ ಮಾರ್ಕೆಟ್ ಪೇಟೆಯ ರದ್ದಿ ಅಂಗಡಿಗಳಿಂದ, ಮದುವೆಗೆ ಮೈಕ್ ಸೆಟ್ ಹಾಕುವವರಿಂದ ಹಳೆಯ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ತರುತ್ತಿದ್ದ. ಯಾರದೋ ಮದುವೆ, ಯಾರದೋ ಭಾಷಣ, ಯಾರದೋ ಕೂಸಿನ ಹೆಸರಿಡುವ ಗದ್ದಲ. ಹಾಡು ಬಂದರೆ ಮುಂದೆ ಓಡಿಸುತ್ತಿದ್ದ. ಹಾಡು ಮುಗಿದ ಮೇಲೆ ಹಾರ್ಮೋನಿಯಂ ಪೇಟಿಯವನು ಮೂಗು ಸೀನುತ್ತಾನಲ್ಲ, ಅಲ್ಲಿ ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದ.

‘ಕಾಕಾ, ಹಾಡು ಬಿಟ್ಟು ಸಿಂಬಳ ಕೇಳ್ತೀಯಲ್ಲೋ!’

‘ಹಾಡು ಎಲ್ಲಾರೂ ಕಲಿಸಿದಂಗ ಹಾಡ್ತಾರ, ಮಗಳ. ಸೀನೂದು ಅವನದೇ.’

ನಾನು ಇದಕ್ಕೆ ಪ್ರತಿವಾದ ಹುಡುಕುತ್ತ ಮೆಟ್ಟಿಲಿಳಿದೆ. ಇನ್ನೂ ಸಿಕ್ಕಿಲ್ಲ, ಆ ಮಾತು ಬೇರೆ.

ಅವನ ಒಂದು ಪದ್ಧತಿ ಎಂದರೆ ಟೇಪಿನ ಉದ್ದನೆಯ ತುಂಡು ಕತ್ತರಿಸಿ, ಎರಡು ತುದಿ ಅಂಟಿಸಿ, ಹಾರದಂತೆ ಮಾಡಿ, ಅದು ಮಷಿನ್ನಿನೊಳಗೆ ಸುತ್ತುತ್ತಲೇ ಇರುವಂತೆ ಬಿಡುವುದು. ಸದ್ದು ಬೇಗ ಮರಳಿ ಬರಬಾರದು ಅನ್ನಿಸಿದರೆ ಹಾರ ಉದ್ದವಾಗಬೇಕು. ಉದ್ದವಾಗುತ್ತ ಆಗುತ್ತ ಅದು ಖೋಲಿಯಿಂದ ಹೊರಬಿದ್ದು, ಮೆಟ್ಟಿಲ ಕಟಾಂಜನ ಸುತ್ತಿ, ಅಡುಗೆಮನೆಯ ಖಾರದ ಡಬ್ಬಿಗೆ ಒಂದು ಸುತ್ತು ಹಾಕಿ, ಮತ್ತೆ ಮೇಲೆ ಹೋಗುತ್ತಿತ್ತು. ಕಾಕು ರೊಟ್ಟಿ ಬಡಿಯುತ್ತ ಕೂತಿದ್ದರೆ ಮಾಳಿಗೆಯಿಂದ ಆಜ್ಞೆ: ‘ಡಬ್ಬಿ ಅಲುಗಾಡಿಸಬ್ಯಾಡ, ಎರಡನೇ ಕಾಲ ನಡದದ!’

‘ಪಲ್ಲ್ಯಾಕ ಖಾರ ಹಾಕಬೇಕ್ರಿ!’

‘ಇವತ್ತು ಸಪ್ಪಂದೇ ಇರಲಿ!’

ಒಂದು ಸಲ ಹೊಸ ದಾರ ಕಟ್ಟ್ಯಾರ ಅಂದುಕೊಂಡು ಕಾಕು ಆ ಟೇಪಿನ ಮೇಲೆ ಒದ್ದೆ ಕುಪ್ಪಸ ಒಣಹಾಕಿಬಿಟ್ಟಳು. ಮೇಲೆ ಸಂಗೀತ ಮುಗ್ಗರಿಸಿ, ನರಳಿ, ಪಾತಾಳಕ್ಕಿಳಿಯಿತು. ಈಗ ಮನೆ ಹೊತ್ತಿ ಉರಿಯುತ್ತದೆ ಎಂದು ನಾವೆಲ್ಲ ಉಸಿರು ಬಿಗಿಹಿಡಿದೆವು. ಕಾಕಾ ದಡದಡ ಕೆಳಗೆ ಬಂದ. ಕುಪ್ಪಸ ನೋಡಿದ. ಕಾಕುವನ್ನು ನೋಡಿದ. ‘ಇದನ್ನ ತೆಗೀಬ್ಯಾಡ. ಇನ್ನೊಂದು ಅದ ಏನು?’ ಎಂದ. ಅಂದು ಸಂಜೆ ನಮ್ಮ ಮನೆಯ ಅಷ್ಟೂ ಒದ್ದೆ ಬಟ್ಟೆ ಸಂಗೀತಕ್ಕೆ ಸಂದಿತು.

ಕಾಲೋನಿಯ ಗಣಪತಿ ಮಂಟಪದಲ್ಲಿ ಅವನ ಸಂಗೀತ ಕಛೇರಿಯಾದದ್ದನ್ನೂ ಹೇಳಲೇಬೇಕು. ಭಕ್ತಿಪರವಾಗಿರಬೇಕು ಎಂಬ ಷರತ್ತಿನ ಮೇಲೆ ಕಮಿಟಿಯವರು ಒಪ್ಪಿದ್ದರು. ಕಾಕಾ ಯಾವುದೋ ಹಳೆಯ ಆರತಿಯ ಕ್ಯಾಸೆಟ್ಟಿನಿಂದ ಗಂಟೆಯ ಸದ್ದಿನ ಬಾಲವನ್ನಷ್ಟೇ ಕತ್ತರಿಸಿ, ಹಿಂದುಮುಂದಾಗಿ ಓಡಿಸಿ, ಅದರ ಮೇಲೆ ತನ್ನ ಅಳುವ ಪೆಟ್ಟಿಗೆಯನ್ನು ಬಿಟ್ಟ. ಮೊದಲು ಮಕ್ಕಳು ಕಿವಿ ಮುಚ್ಚಿಕೊಂಡರು. ಆಮೇಲೆ ಹಿರಿಯರು ಮುಚ್ಚಿಕೊಂಡರು. ಮೈಕ್ ಸೆಟ್ಟಿನವನು ಎಲ್ಲಿಂದಲೋ ಓಡಿಬಂದು ಮೇನ್ ತೆಗೆದು, ಒಂದೊಂದೇ ವೈರು ಮೂಸಿ ನೋಡತೊಡಗಿದ.

‘ಸರ್, ಎಲ್ಲೋ ವೈರ್ ಸುಟ್ಟದರಿ!’

‘ಸುಟ್ಟಿಲ್ಲೋ ಮಾರಾಯ. ಅದು ಎರಡನೇ ಭಾಗ.’

ಮರುವರ್ಷ ಕಮಿಟಿಯವರು ಚಂದಾ ಕೇಳಲು ನಮ್ಮ ಮನೆಗೆ ಮಾತ್ರ ಬರಲಿಲ್ಲ. ಸಂಗೀತದಿಂದ ನಮ್ಮ ಮನೆಗಾದ ಏಕೈಕ ಲಾಭ ಅದು ಎಂದು ಅಪ್ಪ ಈಗಲೂ ನೆನೆಯುತ್ತಾನೆ.

ಇದೆಲ್ಲವನ್ನೂ ಕಾಕು ಸಹಿಸಿದಳು. ಸಹಿಸಿದಳು ಅಂದರೆ ಕೇಳಿದಳು ಎಂದಲ್ಲ. ಒಂದೇ ಒಂದು ಸಂಗೀತವನ್ನೂ ಅವಳು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದ್ದಿಲ್ಲ. ‘ಬರ್ತೀನಿ ತಗೋರಿ, ಹಾಲು ಉಕ್ಕಾಕತ್ತದ’ ಎಂದು ಹೋದರೆ ಹೋದಳೇ. ಕಾಕಾ ಅವಳ ದಾರಿ ನೋಡುತ್ತ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಿರುತ್ತಿದ್ದ. ಆ ಹಾಲು ಎಷ್ಟು ಹೊತ್ತು ಉಕ್ಕುತ್ತಿತ್ತೋ ದೇವರಿಗೇ ಗೊತ್ತು!

ಹೀಗಿರುವಾಗ ಅವನ ತಲೆಗೆ ಒಡಪು ಹೊಕ್ಕಿತು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಆದರೆ ಮದುವೆಯಲ್ಲೋ ಬಸುರಿಗೆ ಮಾಡುವ ಕುಪ್ಪಸದ ಕಾರ್ಯದಲ್ಲೋ ನಾಲ್ಕು ಹೆಂಗಸರು ಸೇರಿದಾಗ ಬಾಗಿಲಿಗೆ ಅಡ್ಡ ನಿಂತು ಹೇಳಿಸದೆ ಬಿಡುವುದೂ ಇಲ್ಲ. ಆಗ ಅವಳು ಎರಡು ಸಾಲಿನ ಪದ ಕಟ್ಟಿ, ಅದರ ಮರೆಯಲ್ಲಿ ಆ ಹೆಸರನ್ನು ದಾಟಿಸುತ್ತಾಳೆ. ಅದೇ ಒಡಪು. ಪದವೇನೋ ಸರಾಗವಾಗಿ ಬರುತ್ತದೆ. ಹೆಸರಿನ ಹೊಸ್ತಿಲಿಗೆ ಬಂದ ಕೂಡಲೇ ಎಂಥ ಬಾಯಾಳಿಯೂ ನಿಲ್ಲುತ್ತಾಳೆ. ಒಂದು ಉಸಿರು ಒಳಗೆಳೆದುಕೊಳ್ಳುತ್ತಾಳೆ. ಬಳೆ ಸದ್ದಾಗುತ್ತದೆ. ಯಾರೋ ಕಿಸಕ್ಕನೆ ನಗುತ್ತಾರೆ. ಆಮೇಲೆ ಹೆಸರು.

ಕಾಕಾನಿಗೆ ಹೆಸರೂ ಬೇಡ, ಪದವೂ ಬೇಡ. ಆ ಉಸಿರು ಬೇಕು!

ಕಲಬುರಗಿಯಿಂದ ಹುಮನಾಬಾದಿನವರೆಗೆ ಇದ್ದಬದ್ದ ಮೈಕ್ ಸೆಟ್ಟಿನವರ ಹತ್ತಿರ ಮದುವೆಯ ಕ್ಯಾಸೆಟ್ ಬೇಡಿ ತಂದ. ಒಡಪು ಹುಡುಕಿದ. ಹೆಸರಿನ ಮುಂಚಿನ ಆ ಗಳಿಗೆಯನ್ನಷ್ಟೇ ಬ್ಲೇಡಿನಿಂದ ತೆಗೆದ. ಉಳಿದದ್ದನ್ನು ಅಂಟಿಸಿ ವಾಪಸು ಕೊಟ್ಟ. ನಕಲು ತೆಗೆದುಕೊಳ್ಳಬಾರದೇ ಎಂದು ನಾನು ಕೇಳಿದೆ, ನ್ಯಾಯವಾಗಿ. ‘ನಕಲು ತೆಗದರ ಬುಸ್ ಅಂತ ಗಾಳಿ ಸೇರ್ತದ, ಉಸಿರು ಯಾವುದು ಗಾಳಿ ಯಾವುದು ತಿಳಿಯಂಗಿಲ್ಲ’ ಎಂದ. ತೆಗೆದ ತುಂಡುಗಳನ್ನೆಲ್ಲ ಒಂದರ ಹಿಂದೊಂದು ಜೋಡಿಸಿ ಒಂದು ಕ್ಯಾಸೆಟ್ ಮಾಡಿದ. ಹಾಕಿದರೆ ಒಬ್ಬಳಾದ ಮೇಲೆ ಒಬ್ಬಳು ಹೆಂಗಸು ಉಸಿರು ಎಳೆದುಕೊಳ್ಳುತ್ತಾಳೆ, ಎಳೆದುಕೊಳ್ಳುತ್ತಲೇ ಇದ್ದಾಳೆ, ಯಾರೂ ಏನೂ ಹೇಳುವುದಿಲ್ಲ. ನಮ್ಮ ಅವ್ವ ಕೇಳಿ ಎದ್ದು ನಿಂತಳು. ‘ಇದೇನೋ ಮೈದುನ, ಊರ ಮಂದಿಗೆಲ್ಲ ದಮ್ಮು ಹತ್ತ್ಯದೇನು?’

‘ವೈನಿ, ಇದು ನನ್ನ ಜೀವಮಾನದ ಕೆಲಸ,’ ಎಂದ ಕಾಕಾ. ಅಂಥ ಗಂಭೀರ ಮುಖ ನಾನು ಅವನಲ್ಲಿ ನೋಡಿರಲಿಲ್ಲ.

ಈ ಜೀವಮಾನದ ಕೆಲಸದಲ್ಲಿ ಕಾಕುವಿನ ತವರಿನ ಕ್ಯಾಸೆಟ್ಟೂ ಸೇರಿತ್ತು. ಅದು ಅವಳ ತಮ್ಮನ ಮದುವೆಯದು. ಅದರಲ್ಲಿ ಅವಳ ತಾಯಿ ಒಡಪು ಹೇಳಿದ್ದರು. ಆ ತಾಯಿ ತೀರಿಕೊಂಡಿದ್ದರು. ಅವರ ದನಿ ಇದ್ದದ್ದು ಅದೊಂದರಲ್ಲೇ. ಹೊಸ ರಬ್ಬರು ಹಾಕಿ ಸರಿ ಮಾಡಿ ಕೊಡುತ್ತೇನೆಂದು ಕಾಕಾ ಅದನ್ನು ಕಮಲಾಪುರದಿಂದ ತಂದಿದ್ದ. ಸರಿ ಮಾಡಿಯೇ ಕೊಟ್ಟ! ತಾಯಿಯ ವರ್ಷಾಂತಿಕಕ್ಕೆ ಕಾಕು ಊರಿಗೆ ಹೋದಾಗ ಬಳಗವೆಲ್ಲ ಕೂತು ಕ್ಯಾಸೆಟ್ ಹಾಕಿದರು. ತಾಯಿಯ ದನಿ ಬಂತು:

‘ಕೆಂಪ ಬಾಳಿಗೊನಿಗಿ ಕುಡಗೋಲೊಂದೇ ಸಾಕು, ಗಿರಣಿ ಗದ್ದಲದಾಗ ನನ್ನ ದನಿ ಕೇಳಾಕ...’

ಮತ್ತು ಹಿಂದೆಯೇ, ಕಣ್ಣು ಮಿಟುಕಿಸುವುದರೊಳಗೆ, ಬಸ್ಸಿನ ಕಂಡಕ್ಟರ್ ಊರು ಕೂಗಿದಂತೆ ಗಂಡನ ಹೆಸರು! ‘...ಅವರೇ ಬೇಕು’ ಎಂದು ಮುಗಿದೇ ಹೋಯಿತು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಳಗದ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಒಬ್ಬರು ಸೆರಗು ಬಾಯಿಗೆ ಒತ್ತಿಕೊಂಡು, ‘ನಮ್ಮಕ್ಕ ಹಿಂಗ ಹೇಳಿದ್ದಿಲ್ಲವ್ವ. ಆಕಿ ನಾಚಿಕಿ ಬಿಟ್ಟಾಕಿ ಅಲ್ಲ’ ಎಂದರಂತೆ.

ಕೇಡು ಅಷ್ಟಕ್ಕೇ ನಿಲ್ಲಲಿಲ್ಲ. ಕ್ಯಾಸೆಟ್ಟಿಗೆ ಎರಡು ಮಗ್ಗುಲು, ಆದರೆ ಪಟ್ಟಿ ಒಂದೇ. ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆಯೂ ಹೋಗುತ್ತದೆ. ಆ ಇನ್ನೊಂದು ಮಗ್ಗುಲಲ್ಲಿದ್ದದ್ದು ಆಯೇರಿ, ಅಂದರೆ ಯಾರು ಯಾರು ಏನೇನು ಉಡುಗೊರೆ ಕೊಟ್ಟರೆಂದು ಮೈಕಿನಲ್ಲಿ ಓದುವುದು. ಅದರಲ್ಲಿ ಹುಮನಾಬಾದಿನ ಬೀಗರು ಕೊಟ್ಟ ತಾಮ್ರದ ಕೊಡ ಬ್ಲೇಡಿಗೆ ಸಿಕ್ಕು ಮಾಯವಾಗಿ, ಮುಂದಿನವರ ಟೋಪಿ ಬಂದು ಕೂಡಿಕೊಂಡು, ‘ಹುಮನಾಬಾದಿನ ಬೀಗರಿಂದ ತಾಮ್ರದ ಟೋಪಿ’ ಎಂದಾಗಿತ್ತು! ಬೀಗರು ಅಲ್ಲೇ ಇದ್ದರು. ಊಟ ಮಾಡದೆ ಎದ್ದು ಹೋದರು.

ಕಾಕು ಕಲಬುರಗಿಗೆ ಮರಳಲಿಲ್ಲ. ‘ನಮ್ಮವ್ವನ ಉಸಿರು ತಂದು ಕೊಟ್ಟ ದಿನ ಬರ್ತೀನಿ’ ಎಂದು ಹೇಳಿ ಕಳಿಸಿದಳು. ಇದನ್ನು ಕೇಳಿದ ಜನ, ಪಾಪ, ಅರ್ಥವಾಗದೆ, ಟೇಪಿನ ಗದ್ದಲಕ್ಕೆ ಹೋದಳು ಎಂದು ತಮಗೆ ತಿಳಿದಂತೆ ಜೋಡಿಸಿಕೊಂಡರು. ಜೋಡಿಸುವುದರಲ್ಲಿ ನಮ್ಮ ಬಳಗ ಕಾಕಾನಿಗಿಂತ ಏನು ಕಡಿಮೆ?

ಕಾಕುವನ್ನು ಕರೆತರುವ ಕೆಲಸ ನನ್ನ ತಲೆಗೆ ಬಂತು. ‘ಚರ್ಚಾಸ್ಪರ್ಧಾದಾಗ ದೊಡ್ಡ ದೊಡ್ಡ ಢಾಲು ಗೆದ್ದೀಯಲ್ಲ, ಹೋಗಿ ಆಕೀನ್ನ ಗೆದ್ದು ಕರ್ಕೊಂಡು ಬಾ’ ಎಂದು ಅವ್ವ ನನ್ನನ್ನು ಬಸ್ಸಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ವಾದ ಸಿದ್ಧಪಡಿಸಿದೆ. ಕಮಲಾಪುರದಲ್ಲಿಳಿದು, ಬಸ್ಸಿನ ಕಿಟಕಿಗಳಿಗೆ ಕೆಂಪು ಬಾಳೆಹಣ್ಣು ಚಾಚುವ ಹೆಂಗಸರನ್ನು ದಾಟಿ, ಗಿರಣಿ ಮುಟ್ಟಿದಾಗ ಕಾಕು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

‘ಬಂದ್ಯಾ ವಕೀಲಿ? ನೀರು ಕುಡಿ ಮೊದಲ. ಆಮ್ಯಾಲ ವಾದ ಮಾಡು.’

ನಾನು ಕುಡಿದು ಶುರುಮಾಡಿದೆ. ಕ್ಯಾಸೆಟ್ಟಿನಲ್ಲಿ ನಿನ್ನ ತಾಯಿಯ ಒಂದೇ ಒಂದು ಮಾತಾದರೂ ಕಡಿಮೆಯಾಗಿದೆಯೇ? ಪದ ಪೂರ್ತಿ ಇದೆ, ಹೆಸರು ಪೂರ್ತಿ ಇದೆ. ಹೋದದ್ದು ಏನು? ಏನೂ ಅಲ್ಲದ್ದು! ಏನೂ ಅಲ್ಲದ್ದು ಕಳೆದುಹೋಯಿತೆಂದು ಯಾವ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ?

ಕಾಕು ಮೊರದಿಂದ ತಲೆ ಎತ್ತಲಿಲ್ಲ. ‘ನೀ ಸ್ಟೇಜಿನ ಮ್ಯಾಲೆ ಭಾಷಣ ಮಾಡುವಾಗ ಉಸಿರು ತಗೋತಿ ಇಲ್ಲ?’

‘ತಗೋತೀನಿ.’

‘ಅವನ್ನೆಲ್ಲ ತೆಗೆದು ಹಾಕಿದರ ಹ್ಯಾಂಗ ಕೇಳಸ್ತಿ?’

‘...ಹುಚ್ಚಿ ಹಂಗ.’

‘ನಮ್ಮವ್ವನ್ನ ಈಗ ಮಂದಿ ಹಂಗೇ ಕೇಳಾಕತ್ತಾರ.’

ನನಗೆ ಎರಡನೇ ಸುತ್ತಿನ ವಾದ ಇತ್ತು. ಅಷ್ಟರಲ್ಲಿ ಗಿರಣಿಯೊಳಗಿಂದ ಅವಳ ಅಪ್ಪ ಬಂದರು. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟು. ನಾನು ಅವರನ್ನು ಮೊದಲಿನಿಂದ ಗಿರಣಿ ಮುತ್ಯಾ ಎನ್ನುತ್ತೇನೆ. ಅವರಿಗೆ ಕಿವಿ ಅರ್ಧ. ಮಾತಾಡುವುದೆಲ್ಲ ಗಿರಣಿ ನಡೆದಿರುವಾಗಿನ ಎತ್ತರದಲ್ಲಿ. ನನ್ನ ಪಕ್ಕ ಕೂತು, ಇಡೀ ಓಣಿಗೆ ಕೇಳುವಂತೆ, ಗುಟ್ಟು ಹೇಳುವ ಮುಖ ಮಾಡಿ ಹೇಳಿದರು:

‘ತಂಗಿ, ಅಕಿ ಹೆಸರು ಹೇಳೂಕಿಂತ ಮೊದಲ ನನ್ನ ಕಡೆ ನೋಡಿದ್ಲು. ಗಂಡಸರ ಸಾಲಿನ್ಯಾಗ ನಾ ಎಲ್ಲಿ ಕುಂತೀನಿ ಅಂತ ಹುಡುಕಿ ನೋಡಿದ್ಲು. ನೋಡಿ, ಆಮ್ಯಾಲ ಹೇಳಿದ್ಲು. ನಾ ಆ ಕ್ಯಾಸೆಟ್ ಹಾಕೂದು ಹೆಸರು ಕೇಳಾಕಲ್ಲ. ನನ್ನ ಹೆಸರು ನನಗ ಗೊತ್ತದ. ಈಗ ಅಕಿ ನೋಡೂದೇ ಇಲ್ಲಲ್ಲ?’

ನನ್ನ ಎರಡನೇ ಸುತ್ತು ಅಲ್ಲಿಗೇ ಮುಗಿಯಿತು. ಸ್ಪರ್ಧೆಗಳಲ್ಲಿ ಎದುರಾಳಿಗೆ ಉತ್ತರಿಸಲಾರದೆ ಹೋದರೆ ‘ಇದು ವಿಷಯಕ್ಕೆ ಸಂಬಂಧಿಸಿಲ್ಲ’ ಎನ್ನುವ ಒಂದು ಉಪಾಯವಿದೆ. ಅಂಗಳದಲ್ಲಿ ಅದು ನಡೆಯುವುದಿಲ್ಲ.

ಮರುದಿನವೇ ಕಲಬುರಗಿಗೆ ಬಂದು ಕಾಕಾನ ಮುಂದೆ ನಿಂತೆ. ‘ಕೊಡು ಆ ತುಂಡು.’

ಕಾಕಾ ಸೊರಗಿದ್ದ. ಖಾರದ ಡಬ್ಬಿಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಅಡುಗೆಮನೆ ತುಂಬ ಟೇಪು ಹಾಯಿಸಬಹುದಿತ್ತು. ಹಾಯಿಸಿರಲಿಲ್ಲ. ಉಸಿರುಗಳ ಕ್ಯಾಸೆಟ್ಟನ್ನು ಅಂಗೈಯಲ್ಲಿ ತಿರುಗಿಸುತ್ತ, ‘ಕೊಡಬಹುದು. ಆದ್ರ ಇದರಾಗ ಯಾರದು ಯಾವುದು ನನಗೇನು ಗೊತ್ತು, ಮಗಳ? ಹೆಸರು ಬರದಿಟ್ಟಿಲ್ಲ. ಎಲ್ಲಾ ಒಂದೇ ನಮೂನಿ ಕೇಳಸ್ತಾವ. ಆಕೀನೇ ಬಂದು, ಕುಂತು, ಕೇಳಿ, ಗುರುತು ಹಿಡೀಲಿ’ ಎಂದ.

ನಾನು ಮತ್ತೆ ಕಮಲಾಪುರ. ಕಾಕುವಿನ ಉತ್ತರ: ‘ನಾ ಬರಂಗಿಲ್ಲ. ಬೇಕಾದ್ರ ಅವರೇ ಪೆಟ್ಟಗಿ ಹೊತ್ಕೊಂಡು ಇಲ್ಲಿಗೆ ಬರಲಿ.’ ನಾನು ಮತ್ತೆ ಕಲಬುರಗಿ. ಕಾಕಾನ ಉತ್ತರ: ‘ಅಲ್ಲಿ ಗಿರಣಿ ಸಪ್ಪಳ. ಉಸಿರು ಕೇಳಸಂಗಿಲ್ಲ.’ ಮತ್ತೆ ಕಮಲಾಪುರ: ‘ಗಿರಣಿ ಬಂದ್ ಮಾಡ್ತೀವಂತ ಹೇಳು.’ ಕಂಡಕ್ಟರನು ‘ಏನವಾ, ನಮ್ಮ ಡಿಪೋದಾಗ ನೌಕರಿ ಸಿಕ್ತೇನು?’ ಎಂದು ಕೇಳಿದ ಮೇಲೆ ನನ್ನ ರಾಯಭಾರ ಮುಗಿಯಿತು. ಕಾಕಾ ಹೊರಟ.

ಬಸ್ಸಿನಲ್ಲಿ ಟೇಪ್ ರೆಕಾರ್ಡರನ್ನು ಬಾಣಂತಿಯ ಕೂಸಿನಂತೆ ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಪಕ್ಕದ ಅಜ್ಜಿ ಸರಿದು ಜಾಗ ಕೊಟ್ಟು, ಮೆಲ್ಲಗೆ ದುಪ್ಪಟಿ ಸರಿಸಿ ಮುಖ ನೋಡಿ, ಮರಳಿ ಮುಚ್ಚಿ, ಮುಂದೆ ಏನೂ ಕೇಳಲಿಲ್ಲ.

ಗಿರಣಿ ನಿಂತಿತ್ತು. ಹಗಲು ಹೊತ್ತಿನಲ್ಲಿ ಆ ಗಿರಣಿ ನಿಂತದ್ದನ್ನು ಯಾರೂ ನೋಡಿರಲಿಲ್ಲವಂತೆ. ಓಣಿಯ ನಾಯಿ ಕೂಡ ಬಂದು ಬಾಗಿಲಲ್ಲಿ ನೋಡುತ್ತಿತ್ತು. ಒಳಗೆ ಕಾಕು ಗೋಡೆಗೆ ಒರಗಿ, ಗಂಡನ ಕಡೆ ನೋಡದೆ ಕೂತಳು. ಮುತ್ಯಾ ಸ್ಪೀಕರಿಗೆ ಕಿವಿ ಹಚ್ಚಿ ಕೂತರು. ‘ಬರ್ರಿ ಅಳಿಯ, ಹಚ್ಚರಿ’ ಎಂದರು, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಕಾಕಾನಿಗೆ ಸುಲಭವಾಗುತ್ತಿತ್ತು.

ಕಾಕಾ ಗುಂಡಿ ಒತ್ತಿದ. ಉಸಿರು. ಬಳೆ. ನಗೆ. ಉಸಿರು. ಅಷ್ಟರಲ್ಲಿ ಡಬ್ಬಿ ಹಿಡಿದು ಬೀಸಿಕೊಂಡು ಹೋಗಲು ಬಂದ ಹೆಂಗಸರು, ಗಿರಣಿ ಯಾಕೆ ಬಂದ್ ಎಂದು ಕೇಳುತ್ತ ಒಳಗೇ ಬಂದರು.

‘ಇದೇನ್ರಿ ಇದು?’

‘ಒಡಪರಿ. ಹೆಸರು ಇಲ್ಲದ್ದು,’ ಎಂದೆ.

‘ತಡಿ, ತಡಿ. ಈ ನಗಿ ನಮ್ಮ ಸಣ್ಣತ್ತಿದು!’

‘ಅಯ್ಯ, ಹೌದಲ್ಲ! ಹೇಳವ್ವ ಹೇಳ ಅನ್ನಾಕಿ ನಾನೇ!’

‘ಏ ಸುಮ್ಮಿರ್ರೆ, ಮುಂದಿಂದು ಕೇಳೂನು!’

ಡಬ್ಬಿ ಇಳಿದವು. ಹೆಂಗಸರು ಹಿಟ್ಟಿನ ನೆಲದ ಮೇಲೆ ಕೂತರು. ಪ್ರತಿ ಉಸಿರಿಗೂ ಒಂದು ಊಹೆ, ಒಂದು ಜಗಳ, ಒಂದು ನಗೆ. ಮತ್ತೆ ತಾವೇ ಒಬ್ಬರ ಬಾಯಿ ಒಬ್ಬರು ಮುಚ್ಚಿ ಮುಂದಿನದಕ್ಕೆ ಕಿವಿಗೊಡುವುದು. ನಾನು ಕಾಕಾನನ್ನು ನೋಡಿದೆ. ಗಣಪತಿ ಮಂಟಪದಲ್ಲಿ ಕಿವಿ ಮುಚ್ಚಿದ ಊರನ್ನಷ್ಟೇ ಕಂಡಿದ್ದ ಮನುಷ್ಯ, ತುಂಬಿದ ಸಭೆಯ ಮುಂದೆ ಏನು ಮಾಡಬೇಕೆಂದು ತಿಳಿಯದೆ, ದುಪ್ಪಟಿಯನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ, ಮಡಚುತ್ತಿದ್ದ. ಕಾಕು ಮಾತ್ರ ನಗಲಿಲ್ಲ. ಎದ್ದೂ ಹೋಗಲಿಲ್ಲ.

ಟೇಪು ಮುಗಿಯುತ್ತ ಬಂತು. ಇನ್ನು ಸಿಗುವುದಿಲ್ಲ ಎಂದುಕೊಂಡೆ. ಕೊನೆಯ ಒಂದು ಉಸಿರು ಬಂತು. ಉಳಿದವುಗಳಿಗಿಂತ ದೊಡ್ಡದೂ ಅಲ್ಲ, ಚೆಂದವೂ ಅಲ್ಲ. ಒಳಗೆ ಹೋಗುತ್ತ ಹೋಗುತ್ತ ನಡುವೆ ಎಲ್ಲೋ ತಡೆದು, ಮತ್ತೆ ಹೋಗುವ ಉಸಿರು. ಜನರ ನಡುವೆ ಯಾರನ್ನೋ ಹುಡುಕಿ, ಸಿಕ್ಕಮೇಲೆ ಬಿಡುವಂಥದ್ದು.

ಕಾಕು ಗೋಡೆ ಬಿಟ್ಟು ಮುಂದೆ ಬಾಗಿದಳು. ಅವಳಿಗಿಂತ ಮೊದಲು ಮುತ್ಯಾನ ಕೈ ಮೇಲೆದ್ದಿತ್ತು. ಅರ್ಧ ಕಿವಿಯ ಮುತ್ಯಾ! ಆ ಕೈಯನ್ನು ಕೆಳಗಿಳಿಸಲು ಅವರಿಗೆ ನೆನಪಾಗಲಿಲ್ಲ. ಹೆಂಗಸರು ಸೆರಗು ಸರಿಮಾಡಿಕೊಂಡರು.

ಕಾಕಾ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿದ. ಜೋಳ ತೂಗುವ ತಕ್ಕಡಿಯ ಪರಡಿಯನ್ನು ಬೋರಲು ಹಾಕಿ ಮೇಜು ಮಾಡಿಕೊಂಡ. ತನ್ನ ಜೀವಮಾನದ ಕೆಲಸಕ್ಕೆ ತಾನೇ ಬ್ಲೇಡು ಇಟ್ಟ. ಆ ತುಂಡನ್ನು ತೆಗೆದು, ಅತ್ತೆಯ ಕ್ಯಾಸೆಟ್ ಬಿಚ್ಚಿ, ಪದಕ್ಕೂ ಹೆಸರಿಗೂ ನಡುವೆ ಇಟ್ಟು, ಉಗುರಿನಿಂದ ಸವರಿ ಅಂಟಿಸಿದ. ಗಿರಣಿಯೊಳಗೆ ಬೆಳಕು ಸಾಲದು, ಅದಕ್ಕೇ ನಾನು ಟಾರ್ಚು ಹಿಡಿದುಕೊಂಡು ಹತ್ತಿರ ಬಾಗಿದ್ದೆ.

ಹಾಕಿದ. ಪದ ಬಂತು. ನಿಂತಿತು. ಬಳೆ ಸದ್ದಾಯಿತು. ಉಸಿರು ಹೋಗಿ, ತಡೆದು, ಹೋಯಿತು. ಮುತ್ಯಾ ಸ್ಪೀಕರಿನಿಂದ ಮುಖ ತೆಗೆದು, ಅತ್ತ ಕಡೆ, ಹೆಂಗಸರು ಕೂತ ಸಾಲಿನ ಕಡೆ, ನೋಡಿದರು. ಆಮೇಲೆ ಅವರ ಹೆಸರು ಬಂತು.

ಕಾಕು ಒಳಗೆ ಹೋದಳು. ಹಾಲೇನೂ ಉಕ್ಕುತ್ತಿರಲಿಲ್ಲ. ಚೀಲ ತೆಗೆದುಕೊಂಡು ಬಂದಳು. ‘ಕಡೀ ಬಸ್ ಸಿಗ್ತದೇನು?’ ಎಂದು ನನ್ನನ್ನು ಕೇಳಿದಳು, ಗಂಡನನ್ನಲ್ಲ. ನಮ್ಮ ಹಿಂದೆ ಗಿರಣಿ ಶುರುವಾಯಿತು.

ಬಸ್ಸಿನಲ್ಲಿ ನಾವು ಮೂವರೂ ಒಂದೇ ಸೀಟಿನಲ್ಲಿ: ಕಿಟಕಿಗೆ ಕಾಕಾ, ನಡುವೆ ಕಾಕು, ಈ ಕಡೆ ನಾನು. ಕಾಕುವಿನ ತೊಡೆಯ ಮೇಲೆ ದುಪ್ಪಟಿಯ ಗಂಟು. ಅದು ಅಲ್ಲಿಗೆ ಯಾವಾಗ ಹೋಯಿತೋ ನಾನು ನೋಡಲಿಲ್ಲ. ಇಲ್ಲಿಗೆ ನಾನು ಸುಮ್ಮನಿರಬೇಕಿತ್ತು. ನಮ್ಮ ಅವ್ವನಾಗಿದ್ದರೆ ಸುಮ್ಮನಿರುತ್ತಿದ್ದಳು. ಆದರೆ ನಾನು ಟಾರ್ಚಿನ ಬೆಳಕಿನಲ್ಲಿ ಒಂದು ವಸ್ತು ನೋಡಿಬಿಟ್ಟಿದ್ದೆ, ಅದು ಒಳಗೆ ಕೊರೆಯುತ್ತಿತ್ತು. ಉಸಿರುಗಳ ಕ್ಯಾಸೆಟ್ಟಿನ ತುಂಡುಗಳನ್ನೆಲ್ಲ ಕಾಕಾ ಬರೀ ಸೆಲೋ ಟೇಪಿನಿಂದ ಜೋಡಿಸಿದ್ದ. ಒಂದೇ ಒಂದು ತುಂಡಿನ ಎರಡೂ ತುದಿಗೆ, ಸಾಸಿವೆಯಷ್ಟು, ಕೆಂಪು ಉಗುರು ಬಣ್ಣದ ಚುಕ್ಕೆ ಇತ್ತು. ಮುತ್ಯಾ ಕೈ ಎತ್ತಿದ ತುಂಡು.

ಕಾಕುವಿನ ಆಚೆಗೆ ಬಾಗಿ ಕೇಳಿಯೇಬಿಟ್ಟೆ.

‘ಕಾಕಾ, ಯಾರದು ಯಾವುದು ನನಗೇನು ಗೊತ್ತು ಅಂದಿದ್ದಿ. ಮತ್ತ ಅದೊಂದಕ್ಕೇ ಕೆಂಪು ಚುಕ್ಕಿ ಯಾಕ ಇಟ್ಟಿದ್ದಿ? ಅದನ್ನೇ ಕಟ್ಟಕಡೀಗೆ ಯಾಕ ಜೋಡಿಸಿದ್ದಿ?’

ಕಾಕು ನಿಧಾನವಾಗಿ ಗಂಡನ ಕಡೆ ತಿರುಗಿದಳು. ಕಾಕಾ ಕಿಟಕಿಯ ಆಚೆ ನೋಡುತ್ತ ಒಂದು ಉಸಿರು ಎಳೆದುಕೊಂಡ.